ಅಟ್ಟದಿಂದ ಇಳಿಸಿದ ಹಾರ್ಮೋನಿಯಂ

(ಕಲಿಕಾ ಕೇಂದ್ರದ ತಾಯಂದಿರ ಮುಂದೆ ಆಡಿದ ಮಾತು)



ನೀವು ಈಗ ಅಕ್ಷರ ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರು ಸರಿಯಾಗಿದೆಯಾ ಅಂತ ನೋಡುತ್ತೀರಿ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕುತ್ತೀರಿ. "ಈ ವಯಸ್ಸಿಗೆ ಇದೆಲ್ಲಾ ಯಾಕವ್ವಾ?" ಅಂತ ಕೇಳಿದವರು ಇದ್ದರು. ಅವರ ಎದುರಿಗೇ ನೀವು ಸ್ಲೇಟು ಹಿಡಿದಿರಿ.

ಇವತ್ತು ನಾವು ಅಂಥದ್ದೇ ಇನ್ನೊಂದು ಮಾತು ಹೇಳಲು ಬಂದಿದ್ದೇವೆ. ಅದು ಹಾಡಿನ ಮಾತು, ವಾದ್ಯದ ಮಾತು. ಚಿಕ್ಕಂದಿನಲ್ಲಿ ಹಾಡುತ್ತಿದ್ದವರು, ನುಡಿಸುತ್ತಿದ್ದವರು, ನಡುವೆ ಬಿಟ್ಟವರು, ಮತ್ತೆ ಶುರು ಮಾಡಬಹುದಾ? ನಲವತ್ತು ದಾಟಿದ ಮೇಲೆ ಬೆರಳು ಮಾತು ಕೇಳುತ್ತಾ? ಹೊಸ ವಾದ್ಯ ಕೊಳ್ಳಲು ದುಡ್ಡಿಲ್ಲ. ಹಳೇದರಲ್ಲಿ ಆಗುತ್ತಾ?

ಆಗುತ್ತೆ ಅಂತ ನಮ್ಮ ಅನುಭವ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇವೆ.

ಹಾಡು ಎಲ್ಲಿ ಹೋಯ್ತು?

ನಮ್ಮ ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮುಂಚೆ ನಾವೆಲ್ಲ ಮೈಸೂರು ಜಿಲ್ಲೆಯವರು. ಜಿಲ್ಲೆ ಹೊಸದು. ಆದರೆ ಇಲ್ಲಿನ ಹಾಡು ಬಹಳ ಹಳೇದು. ಮಲೆ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುತ್ತಾರೆ. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಮೀಟುತ್ತಾ ರಾತ್ರಿಯಿಡೀ ಕಥೆ ಮಾಡುತ್ತಾರೆ. ಚಿಕ್ಕಲ್ಲೂರು ಜಾತ್ರೆಗೆ ಹೋದವರು ಆ ತಂಬೂರಿ ದನಿ ಕೇಳಿಯೇ ಇರುತ್ತೀರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಾಡಿಕೊಂಡೇ ಕುಣಿಯುತ್ತಾರೆ.

ಆದರೆ ಒಂದು ವಿಷಯ ಗಮನಿಸಿ. ಕಂಸಾಳೆ, ತಂಬೂರಿ ಹಿಡಿದು ಊರೂರು ಸುತ್ತಿದವರು ಹೆಚ್ಚಾಗಿ ಗಂಡಸರು. ಹೆಂಗಸರ ಕೈಯಲ್ಲಿ ಏನಿತ್ತು? ಬೀಸುವ ಕಲ್ಲಿನ ಗೂಟ ಇತ್ತು. ಒನಕೆ ಇತ್ತು. ನಾಟಿಯ ಪೈರು ಇತ್ತು. ತೊಟ್ಟಿಲ ಹಗ್ಗ ಇತ್ತು. ಅವೇ ನಮ್ಮ ಅವ್ವಂದಿರ ವಾದ್ಯ. ಕಲ್ಲು ಗರಗರ ಅಂತ ತಿರುಗುತ್ತಿತ್ತು. ಅದೇ ಶ್ರುತಿ, ಅದೇ ತಾಳ.

ಹಾಡಿಗೆ ಅಂತ ಬೇರೆ ಹೊತ್ತು ಅವರಿಗೆ ಇರಲಿಲ್ಲ. ಕೆಲಸದ ಹೊತ್ತೇ ಹಾಡಿನ ಹೊತ್ತು. ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸುವಾಗ ಒಂದು ಹಾಡು. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವಾಗ ಒಂದು ಹಾಡು. ಮದುವೆ ಮನೆಯಲ್ಲಿ ಸೋಬಾನೆ.

ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಒಳ್ಳೇದೇ ಆಯ್ತು. ರಟ್ಟೆ ನೋವು ತಪ್ಪಿತು. ಬೀಸುವ ಕಲ್ಲು ಮತ್ತೆ ಬರಲಿ ಅಂತ ನಾವ್ಯಾರೂ ಹೇಳುವುದಿಲ್ಲ. ಆದರೆ ಕಲ್ಲು ಮೂಲೆ ಸೇರಿದಾಗ ಅದರ ಹಾಡೂ ಮೂಲೆ ಸೇರಿತು. ಯಾರೂ "ಹಾಡಬೇಡ" ಅನ್ನಲಿಲ್ಲ. ಹಾಡುವ ಹೊತ್ತು ಹೋಯ್ತು, ಹಾಡೂ ಹೋಯ್ತು. ಉಳಿದ ಆ ಹೊತ್ತು ನಮ್ಮ ಕೈಗೆ ಬಂತಾ? ಇಲ್ಲ. ಅಲ್ಲಿ ಇನ್ನೊಂದು ಕೆಲಸ ಬಂದು ಕೂತಿತು.

ವಾದ್ಯ ಬಿಟ್ಟವರು

ವಾದ್ಯ ಕಲಿತಿದ್ದ ಹೆಣ್ಣುಮಕ್ಕಳೂ ನಮ್ಮ ಕಡೆ ಇದ್ದರು. ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟಿದೆ ಅಂತ ನಿಮಗೆ ಗೊತ್ತು. ನಾಟಕ ಅಂದರೆ ಹಾರ್ಮೋನಿಯಂ ಮೇಷ್ಟ್ರು ಬೇಕೇ ಬೇಕು. ತಿಂಗಳುಗಟ್ಟಲೆ ಅಭ್ಯಾಸ ನಡೆಯುತ್ತೆ. ಮೇಷ್ಟ್ರ ಮನೆಯ ಹುಡುಗಿಯರು ಕಂಬದ ಮರೆಯಲ್ಲಿ ನಿಂತು ನೋಡಿ ನೋಡಿ ಬೆರಳು ಆಡಿಸುವುದನ್ನು ಕಲಿತುಬಿಡುತ್ತಿದ್ದರು. ಭಜನೆ ಮನೆಯಲ್ಲಿ ಕಲಿತವರು ಕೆಲವರು. ಶಾಲೆಯ ಪ್ರಾರ್ಥನೆಗೆ ನುಡಿಸಿದವರು ಕೆಲವರು.

ಇನ್ನು ಕೆಲವರು ಸಾಕ್ಷರತೆಯ ಕಾಲದಲ್ಲಿ ಕಲಿತರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 1990ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶವೆಲ್ಲ ಸುತ್ತಿತು. ಆ ದಿನಗಳಲ್ಲಿ ಅಕ್ಷರದ ಮಾತು ಹಳ್ಳಿಗೆ ಬಂದಿದ್ದು ಭಾಷಣದಿಂದಲ್ಲ, ಹಾಡಿನಿಂದ. ಹುಡುಗಿಯರೂ ಹುಡುಗರ ಸಮಕ್ಕೆ ತಮಟೆ ಹಿಡಿದರು, ಕೊರಳೆತ್ತಿ ಹಾಡಿದರು.

ಆಮೇಲೆ ಏನಾಯ್ತು? ಮದುವೆ ಆಯ್ತು. ಮಕ್ಕಳಾದವು. ಅತ್ತೆ ಮಾವನ ಆರೈಕೆ, ಹೊಲ, ಕೊಟ್ಟಿಗೆ. ಚಾಮರಾಜನಗರದ ಕಡೆ ಅರಿಶಿನ ಕೀಳುವ ಕಾಲ ಬಂದರೆ ಉಸಿರಾಡಲು ಬಿಡುವಿಲ್ಲ. ಗುಂಡ್ಲುಪೇಟೆ ಕಡೆ ಚೆಂಡು ಹೂ ಬಿಡಿಸುವ ಕಾಲ ಬಂದರೆ ಸೊಂಟ ನೆಟ್ಟಗಾಗುವುದಿಲ್ಲ. ರೇಷ್ಮೆ ಹುಳ ಸಾಕುವವರ ಮನೆಯಲ್ಲಂತೂ ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕುವುದರಲ್ಲೇ ರಾತ್ರಿ ಹಗಲಾಗುತ್ತೆ. ಇದರ ಮಧ್ಯೆ ಹಾರ್ಮೋನಿಯಂ ಎಲ್ಲಿ? ಅದು ಅಟ್ಟ ಹತ್ತಿತು.

ನಮ್ಮ ಗುಂಪಿನಲ್ಲಿ ಎಂಟು ಜನ ಇದ್ದೇವೆ. ಒಬ್ಬರ ತಂದೆ ನಾಟಕದ ಮೇಷ್ಟ್ರು. ಆಕೆ ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಚೆನ್ನಾಗಿ ನುಡಿಸುತ್ತಿದ್ದರು. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷ ವಾದ್ಯ ಮುಟ್ಟಲಿಲ್ಲ. ಒಂದು ದಿನ ಪಕ್ಕದ ಊರಿನ ಭಜನೆ ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಪೆಟ್ಟಿಗೆ ಒಂದು ಮಾರಾಟಕ್ಕೆ ಇದೆ ಅಂತ ಗೊತ್ತಾಯ್ತು. ತಿದಿಯನ್ನು ಇಲಿ ಕಡಿದಿತ್ತು. ಅರ್ಧ ಮನೆಗಳು ದನಿಯನ್ನೇ ಕೊಡುತ್ತಿರಲಿಲ್ಲ. ಎಂಟು ಜನ ದುಡ್ಡು ಸೇರಿಸಿ ಅದನ್ನು ಕೊಂಡೆವು, ರಿಪೇರಿ ಮಾಡಿಸಿದೆವು.

ಪೆಟ್ಟಿಗೆ ಬಂದ ಸಂಜೆ ಆಕೆ ಕೈ ತೊಳೆದು ಕೂತರು. "ನನಗೆ ಏನೂ ನೆನಪಿಲ್ಲ ಕಣ್ರವ್ವಾ" ಅಂದರು. ಎಡಗೈ ತಿದಿ ಎಳೆಯಿತು. ಬಲಗೈ ತಾನಾಗೇ ತನ್ನ ಜಾಗಕ್ಕೆ ಹೋಗಿ ಕೂತಿತು. ಬೆರಳು ತಡವರಿಸಿತು, ನಿಜ. ಬೇಗ ನುಡಿಸಲು ಆಗಲಿಲ್ಲ. ಆದರೆ ದಾರಿ ತಪ್ಪಲಿಲ್ಲ. ಮನಸ್ಸು ಮರೆತಿದ್ದನ್ನು ಕೈ ಇಟ್ಟುಕೊಂಡಿತ್ತು.

ಚಿಕ್ಕಂದಿನಲ್ಲಿ ಚೆನ್ನಾಗಿ ಕಲಿತ ಕೈಕೆಲಸ ಹಾಗೆ ಸುಲಭಕ್ಕೆ ಅಳಿಯುವುದಿಲ್ಲ. ಹೂ ಕಟ್ಟುವುದನ್ನು ಯೋಚಿಸಿ. ವರ್ಷ ಬಿಟ್ಟು ಕಟ್ಟಿದರೂ ಬೆರಳು ಗಂಟು ಹಾಕುತ್ತೆ. ವಾದ್ಯವೂ ಹಾಗೇ.

ನಮ್ಮ ಸೀಮೆಯವರ ಒಂದು ಉದಾಹರಣೆ

ಡಾ. ರಾಜ್‌ಕುಮಾರ್ ಎಲ್ಲರಿಗೂ ಗೊತ್ತು. ಅವರು 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದರು. ಗಾಜನೂರು ತಾಳವಾಡಿಯ ಹತ್ತಿರ, ಈಗ ತಮಿಳುನಾಡಿಗೆ ಸೇರಿದೆ. ಆದರೆ ಅಲ್ಲಿನ ಮಾತು ನಮ್ಮದೇ ಕನ್ನಡ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ಸಿಂಗಾನಲ್ಲೂರು ನಮ್ಮ ಜಿಲ್ಲೆಯ ಊರು. ತಂದೆ ನಾಟಕದ ನಟರು. ಮಗ ಮುತ್ತುರಾಜ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು.

ಆಗಿನ ನಾಟಕದಲ್ಲಿ ನಟ ತಾನೇ ಹಾಡಬೇಕು. ಮುತ್ತುರಾಜ ಹಾಡುತ್ತಿದ್ದರು. 1954ರಲ್ಲಿ ಅವರು 'ಬೇಡರ ಕಣ್ಣಪ್ಪ' ಸಿನಿಮಾದ ನಾಯಕರಾದರು, ರಾಜ್‌ಕುಮಾರ್ ಆದರು. ಸಿನಿಮಾದಲ್ಲಿ ಹಾಡಲು ಬೇರೆಯವರು ಇರುತ್ತಾರೆ. 1950ರ ದಶಕದಲ್ಲಿ ಒಂದೆರಡು ಹಾಡು ಹಾಡಿದ್ದು ಬಿಟ್ಟರೆ, ಅವರು ತುಟಿ ಆಡಿಸಿದರು, ಬೇರೆಯವರು ಹಾಡಿದರು. ಹೆಚ್ಚಿನ ಹಾಡುಗಳನ್ನು ಪಿ.ಬಿ. ಶ್ರೀನಿವಾಸ್ ಬಹಳ ಇಂಪಾಗಿ ಹಾಡಿದರು. ಹೀಗೆ ಇಪ್ಪತ್ತು ವರ್ಷ ಹೋಯ್ತು.

1974ರಲ್ಲಿ 'ಸಂಪತ್ತಿಗೆ ಸವಾಲ್' ಸಿನಿಮಾ ಬಂತು. ಎಮ್ಮೆಯ ಮೇಲೆ ಕೂತು ಹಾಡುವ ಹಾಡು ನೆನಪಿದೆಯಾ? ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಆ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಆಗ ಅವರ ವಯಸ್ಸು ನಲವತ್ತೈದು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ತಾವೇ ಹಾಡುತ್ತಾ ಬಂದರು. 'ಜೀವನ ಚೈತ್ರ' ಸಿನಿಮಾದ ಹಾಡಿಗೆ 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ನಟನೆಗಲ್ಲ, ಹಾಡಿದ್ದಕ್ಕೆ. ಆಗ ವಯಸ್ಸು ಅರವತ್ತು ದಾಟಿತ್ತು.

ನೀವು ಕೇಳಬಹುದು: "ಅವರು ದೊಡ್ಡವರು. ಅವರಿಗೆ ಹೇಳಿಕೊಡುವವರು ಇದ್ದರು, ಸ್ಟುಡಿಯೋ ಇತ್ತು. ಒಲೆ ಮೇಲೆ ಎಸರು ಇಟ್ಟು ಅವರು ಹಾಡಲು ಕೂರಬೇಕಿತ್ತಾ?" ನಿಜ. ಆ ಮಾತಿಗೆ ಆಮೇಲೆ ಬರುತ್ತೇವೆ. ಈಗ ಇಷ್ಟು ಮಾತ್ರ ನೋಡಿ. ನಲವತ್ತೈದಕ್ಕೆ ಗಂಟಲು ಮುಗಿದುಹೋಗುವುದಿಲ್ಲ.

ಇನ್ನೊಂದು ಮಾತು ನಮ್ಮ ಹೆಂಗಸರಿಗೇ ಸೇರಿದ್ದು. ವಯಸ್ಸಾದ ಹಾಗೆ, ಮುಟ್ಟು ನಿಲ್ಲುವ ಕಾಲದಲ್ಲಿ, ಎಷ್ಟೋ ಜನರ ದನಿ ಸ್ವಲ್ಪ ದಪ್ಪ ಆಗುತ್ತೆ, ಕೆಳಗಿಳಿಯುತ್ತೆ. ಚಿಕ್ಕವರಿದ್ದಾಗ ಏರಿದ ಎತ್ತರಕ್ಕೆ ಈಗ ಏರುವುದಿಲ್ಲ. "ನನ್ನ ದನಿ ಕೆಟ್ಟುಹೋಯ್ತು" ಅಂತ ಹಾಡು ನಿಲ್ಲಿಸಿಬಿಡುತ್ತೇವೆ. ದನಿ ಕೆಟ್ಟಿಲ್ಲ, ಜಾಗ ಬದಲಾಗಿದೆ ಅಷ್ಟೆ. ಶ್ರುತಿ ಇಳಿಸಿಕೊಂಡು ಹಾಡಬೇಕು.

ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳಿದ್ದೀರಾ? ಧಾರವಾಡ, ಹುಬ್ಬಳ್ಳಿ ಕಡೆಯ ದೊಡ್ಡ ಗಾಯಕಿ. ಹುಟ್ಟಿದ್ದು 1913ರಲ್ಲಿ. ಮೊದಲು ಅವರ ದನಿ ಸಣ್ಣಗಿತ್ತು. ಗಂಟಲಿಗೆ ಚಿಕಿತ್ಸೆ ಆದ ಮೇಲೆ ಗಂಡಸಿನ ದನಿಯ ಹಾಗೆ ಆಯ್ತು. ಅವರು ಹಾಡು ಬಿಡಲಿಲ್ಲ. ಆ ದನಿಯಲ್ಲೇ ಹಾಡಿ ದೇಶಕ್ಕೆಲ್ಲ ಹೆಸರಾದರು.

ಪೆಟ್ಟಿಗೆಗೂ ವನವಾಸ ಇತ್ತು

ಈಗ ಹಾರ್ಮೋನಿಯಂ ವಿಷಯಕ್ಕೆ ಬರೋಣ. ಇದು ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. ಯುರೋಪಿನಿಂದ ಬಂದದ್ದು. ಅಲ್ಲಿ ಕುರ್ಚಿ ಮೇಲೆ ಕೂತು, ಕಾಲಲ್ಲಿ ತಿದಿ ತುಳಿದು ನುಡಿಸುತ್ತಿದ್ದರು. ನಮ್ಮವರು ನೆಲದ ಮೇಲೆ ಕೂರುವವರು. ಅದಕ್ಕೇ ಕಲ್ಕತ್ತೆಯಲ್ಲಿ ಅದನ್ನು ಚಿಕ್ಕದು ಮಾಡಿ, ಕೈಯಲ್ಲಿ ತಿದಿ ಒತ್ತುವ ಹಾಗೆ ಮಾಡಿದರು. ಆಮೇಲೆ ನಾಟಕಕ್ಕೆ, ಭಜನೆಗೆ, ಹರಿಕಥೆಗೆ ಅದೇ ಬೇಕಾಯ್ತು.

ಆದರೆ 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ಬೇಡ ಅಂದುಬಿಟ್ಟರು. ನಮ್ಮ ಸಂಗೀತದಲ್ಲಿ ಸ್ವರ ಜಾರುತ್ತೆ, ತೂಗುತ್ತೆ, ಇದರಲ್ಲಿ ಅದು ಬರುವುದಿಲ್ಲ ಅನ್ನುವುದು ಅವರ ವಾದ. ಅದರಲ್ಲಿ ಸತ್ಯವೂ ಇತ್ತು. ಸುಮಾರು ಮೂವತ್ತು ವರ್ಷ ರೇಡಿಯೋದಲ್ಲಿ ಹಾರ್ಮೋನಿಯಂ ದನಿ ಇರಲಿಲ್ಲ. 1971ರಲ್ಲಿ ಆ ಕಟ್ಟು ಸಡಿಲವಾಯ್ತು.

ರೇಡಿಯೋ ಬೇಡ ಅಂದಾಗಲೂ ಅದನ್ನು ಉಳಿಸಿಕೊಂಡವರು ಯಾರು? ನಾಟಕದವರು, ಭಜನೆಯವರು, ಹಳ್ಳಿಯವರು.

ಹಳೇ ವಾದ್ಯ ಕೊಳ್ಳುವಾಗ ಏನು ನೋಡಬೇಕು?

ಹಳೇದು ಕೊಳ್ಳುವುದು ನಾಚಿಕೆಯ ವಿಷಯ ಅಲ್ಲ. ಹಸು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಕೆಚ್ಚಲು ನೋಡುತ್ತೀರಿ. ಹಾಗೇ ಇದನ್ನೂ ನೋಡಿ ಕೊಳ್ಳಬೇಕು.

ಒಂದು, ತಿದಿ. ಮುಂದಿನ ಗುಂಡಿಗಳನ್ನೆಲ್ಲ ಒಳಗೆ ಒತ್ತಿ ಮುಚ್ಚಿ. ತಿದಿ ಎಳೆದು ಗಾಳಿ ತುಂಬಿ. ಈಗ ತಿದಿ ಬಿಗಿಯಾಗಿ ನಿಲ್ಲಬೇಕು. ಬುಸ್ಸೆಂದು ಗಾಳಿ ಹೋದರೆ ಎಲ್ಲೋ ತೂತು ಇದೆ. ತೂತಿಗೆ ತೊಗಲು ಅಥವಾ ಬಟ್ಟೆ ಅಂಟಿಸಿ ಸರಿ ಮಾಡುತ್ತಾರೆ. ಹೆದರಬೇಡಿ. ಆದರೆ ಬೆಲೆ ಇಳಿಸಿ ಕೇಳಿ.

ಎರಡು, ಸುಮ್ಮನಿರುವ ದನಿ. ಗುಂಡಿ ತೆಗೆದು, ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿ. ದನಿ ಬರಬಾರದು. ಬಂದರೆ ಯಾವುದೋ ಮನೆ ಸರಿಯಾಗಿ ಮುಚ್ಚುತ್ತಿಲ್ಲ.

ಮೂರು, ಮನೆಗಳು. ಬಿಳಿ ಮನೆ, ಕಪ್ಪು ಮನೆ, ಎಲ್ಲವನ್ನೂ ಎಡದಿಂದ ಬಲಕ್ಕೆ ಒಂದೊಂದಾಗಿ ಒತ್ತಿ. ಯಾವುದು ಮೂಕ, ಯಾವುದು ಕರಕರ ಅನ್ನುತ್ತೆ ಅಂತ ಎಣಿಸಿ ಬರೆದುಕೊಳ್ಳಿ. ಈಗ ಬರೆಯಲು ಬರುತ್ತಲ್ಲ! ಎಷ್ಟೋ ಸಲ ಮೂಕ ಮನೆಯ ಕೆಳಗೆ ಬರೀ ಧೂಳು ಇರುತ್ತೆ. ಒರೆಸಿದರೆ ದನಿ ಬರುತ್ತೆ.

ನಾಲ್ಕು, ರೀಡು. ಇದು ಹಿತ್ತಾಳೆಯ ಸಣ್ಣ ನಾಲಗೆ. ಗಾಳಿಗೆ ಅದು ನಡುಗಿದಾಗ ದನಿ ಹುಟ್ಟುತ್ತೆ. ಇದರ ತುದಿ ಹೆರೆದರೆ ಶ್ರುತಿ ಏರುತ್ತೆ. ಬುಡ ಹೆರೆದರೆ ಶ್ರುತಿ ಇಳಿಯುತ್ತೆ. ಹೆರೆದ ಹಿತ್ತಾಳೆಯನ್ನು ಮತ್ತೆ ಹಚ್ಚಲು ಆಗುವುದಿಲ್ಲ. ಅದಕ್ಕೇ ಮನೆಯಲ್ಲಿ ಚಾಕು ಹಾಕಬೇಡಿ. ಬಲ್ಲವರ ಕೈಗೇ ಕೊಡಿ.

ಐದು, ಮರ. ಹುಳ ತಿಂದ ಪುಡಿ ಇದೆಯಾ, ಇಲಿ ಕಡಿದಿದೆಯಾ, ಮಳೆ ನೀರು ಕುಡಿದು ಉಬ್ಬಿದೆಯಾ ನೋಡಿ.

ಗಿಟಾರ್ ನುಡಿಸುತ್ತಿದ್ದವರೂ ನಿಮ್ಮಲ್ಲಿ ಇರಬಹುದು. ಚರ್ಚಿನ ಹಾಡಿಗೆ ನುಡಿಸಿದವರು ಇರಬಹುದು. ಮಗ ಕಾಲೇಜಿನಲ್ಲಿ ಕೊಂಡು, ಆಮೇಲೆ ಮೂಲೆಗಿಟ್ಟ ಗಿಟಾರ್ ಮನೆಯಲ್ಲಿ ಇರಬಹುದು. ಅದರ ಕತ್ತು ಬಾಗಿದೆಯಾ ಅಂತ ಕಣ್ಣಳತೆಯಲ್ಲಿ ನೋಡಿ. ಕತ್ತು ಬಾಗಿದರೆ ತಂತಿ ಮೇಲೆದ್ದು ನಿಲ್ಲುತ್ತೆ, ಒತ್ತಲು ಕಷ್ಟ. ಆರು ತಂತಿ ತುಕ್ಕು ಹಿಡಿದಿದ್ದರೆ ಚಿಂತೆ ಇಲ್ಲ. ಹೊಸ ತಂತಿ ಸಿಗುತ್ತೆ. ಮೊದಮೊದಲು ತಂತಿ ಬೆರಳಿನ ತುದಿ ಕುಯ್ಯುತ್ತೆ. ಕೆಲವು ವಾರದಲ್ಲಿ ಅಲ್ಲಿ ಚರ್ಮ ಗಟ್ಟಿಯಾಗುತ್ತೆ. ಕುಡುಗೋಲು ಹಿಡಿದ ಕೈಗೆ ಇದು ದೊಡ್ಡ ಮಾತಲ್ಲ.

ಒಬ್ಬರೇ ಕೊಳ್ಳಲು ಆಗದಿದ್ದರೆ ಸಂಘದವರು ಸೇರಿ ಕೊಳ್ಳಿ. ಯಾರು ಎಷ್ಟು ಕೊಟ್ಟರು, ಯಾವ ವಾರ ಯಾರ ಮನೆಯಲ್ಲಿ ಪೆಟ್ಟಿಗೆ ಇರಬೇಕು, ಎಲ್ಲ ಪುಸ್ತಕದಲ್ಲಿ ಬರೆಯಿರಿ. ಮಾರುವವರಿಂದ ಚೀಟಿ ಬರೆಸಿಕೊಳ್ಳಿ. ತಾರೀಖು, ದುಡ್ಡು, ಸಹಿ ಮೂರೂ ಇರಬೇಕು. ಚೀಟಿಯನ್ನು ನೀವೇ ಓದಿ ನೋಡಿ.

ರಿಪೇರಿಗೆ ಮೈಸೂರಿಗೆ ಹೋಗಬೇಕಾಗಬಹುದು. ಚಾಮರಾಜನಗರದಿಂದಾಗಲಿ, ಗುಂಡ್ಲುಪೇಟೆಯಿಂದಾಗಲಿ ಸುಮಾರು 60 ಕಿಲೋಮೀಟರ್. ರಿಪೇರಿಗೆ ಕೊಡುವ ಮುಂಚೆ ಖರ್ಚು ಎಷ್ಟು ಅಂತ ಎರಡು ಕಡೆ ಕೇಳಿ. ರಿಪೇರಿ ಖರ್ಚು ವಾದ್ಯದ ಬೆಲೆಗಿಂತ ಹೆಚ್ಚಾದರೆ ಆ ವಾದ್ಯ ಬೇಡ.

ಮೊದಲ ತಿಂಗಳು

ಮೊದಲ ವಾರ ಒಂದೇ ಸ್ವರ. 'ಸ' ಒತ್ತಿ ಹಿಡಿಯಿರಿ. ಬಾಯಿ ಮುಚ್ಚಿ ಅದರ ಜೊತೆ ಗುನುಗಿ. ನಿಮ್ಮ ದನಿ, ಪೆಟ್ಟಿಗೆಯ ದನಿ ಎರಡೂ ಹಾಲು ನೀರಿನ ಹಾಗೆ ಬೆರೆಯಬೇಕು. ಬೆರೆಯದಿದ್ದರೆ ಬೇರೆ ಮನೆ ಒತ್ತಿ ನೋಡಿ. ಯಾವುದು ನಿಮ್ಮ ಗಂಟಲಿಗೆ ಹಿತವೋ ಅದೇ ನಿಮ್ಮ ಶ್ರುತಿ.

ಎರಡನೇ ವಾರ ಏಳು ಸ್ವರ. ಸ, ರಿ, ಗ, ಮ, ಪ, ದ, ನಿ. ಈ ಏಳು ಅಕ್ಷರ ನಿಮಗೆ ಈಗ ಬರುತ್ತೆ. ಸಣ್ಣ ಸಣ್ಣ ಕಾಗದದ ಮೇಲೆ ಬರೆಯಿರಿ. ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಅಂತ ಇರುತ್ತವೆ. ಎರಡರ ಗುಂಪಿನ ಎಡಕ್ಕೆ ಇರುವ ಬಿಳಿ ಮನೆಗೆ 'ಸ' ಅಂಟಿಸಿ. ಅಲ್ಲಿಂದ ಬಲಕ್ಕೆ ಬಿಳಿ ಮನೆಗಳ ಮೇಲೆ ಉಳಿದ ಅಕ್ಷರಗಳನ್ನು ಸಾಲಾಗಿ ಅಂಟಿಸಿ. ಬರೀ ಬಿಳಿ ಮನೆ ನುಡಿಸಿದರೆ ಶಂಕರಾಭರಣ ರಾಗದ ಸ್ವರಗಳು ಬರುತ್ತವೆ. ಸಂಗೀತ ಪಾಠದಲ್ಲಿ ಮೊದಲು ಕಲಿಸುವುದು ಮಾಯಾಮಾಳವಗೌಳ ರಾಗ. ಅದಕ್ಕೆ ರಿ ಮತ್ತು ದ ಎರಡನ್ನು ಬಿಳಿ ಮನೆಯಿಂದ ಅದರ ಎಡಗಡೆಯ ಕಪ್ಪು ಮನೆಗೆ ಸರಿಸಬೇಕು. ಈ ಪಾಠಗಳನ್ನು ಕಟ್ಟಿಕೊಟ್ಟವರು ಪುರಂದರದಾಸರು ಅಂತ ನಮ್ಮವರ ನಂಬಿಕೆ. ಅವರ ಮೂಗುತಿಯ ಕಥೆ ನಿಮಗೆ ಗೊತ್ತು. ಆ ಕಥೆಯ ಪ್ರಕಾರ ಅವರೂ ಅಂಗಡಿ, ವ್ಯಾಪಾರ ಎಲ್ಲ ನಡೆಸಿ, ಆಮೇಲೆ ತಂಬೂರಿ ಹಿಡಿದವರು.

ಮೂರನೇ ವಾರ ನಿಧಾನವಾಗಿ ಮೇಲಕ್ಕೆ, ನಿಧಾನವಾಗಿ ಕೆಳಕ್ಕೆ. ಬೆರಳು ಗಡುಸಾಗಿದ್ದರೆ ಮೊದಲು ಬಿಸಿನೀರಿನಲ್ಲಿ ಅದ್ದಿ. ನೋವಾದರೆ ನಿಲ್ಲಿಸಿ, ನಾಳೆ ಮಾಡಿ.

ನಾಲ್ಕನೇ ವಾರ ನಿಮಗೆ ಬರುವ ಒಂದು ಹಾಡು. ಸೋಬಾನೆ ಇರಲಿ, ಮಾದಪ್ಪನ ಹಾಡಿರಲಿ. ಒಂದೊಂದು ಸ್ವರ ಹುಡುಕಿ. ಸಿಕ್ಕಿದ್ದನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಪುಸ್ತಕದ ಅಕ್ಷರ ಮಸುಕಾಗಿ ಕಂಡರೆ ಕಣ್ಣು ತೋರಿಸಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಕಾಣದಿರುವುದು ಸಾಮಾನ್ಯ. ಕನ್ನಡಕ ಹಾಕಿದರೆ ಓದೂ ಆಗುತ್ತೆ, ಸ್ವರವೂ ಕಾಣುತ್ತೆ.

ನುಡಿಸಿ ಆದ ಮೇಲೆ ಪೆಟ್ಟಿಗೆಗೆ ಬಟ್ಟೆ ಮುಚ್ಚಿ. ಬರೀ ನೆಲದ ಮೇಲೆ ಇಡಬೇಡಿ. ಒಲೆಯ ಹೊಗೆ, ಗೋಡೆಯ ತೇವ ಎರಡೂ ಅದಕ್ಕೆ ಆಗುವುದಿಲ್ಲ.

ಜನ ಏನಂತಾರೆ?

ಇದು ಎಲ್ಲಕ್ಕಿಂತ ಕಷ್ಟದ ಪಾಠ. ನಮಗೂ ಆಡಿಕೊಂಡರು. "ಮೊಮ್ಮಕ್ಕಳ ಕಾಲಕ್ಕೆ ಇವರಿಗೆ ಸಂಗೀತ ಬೇಕಂತೆ" ಅಂದರು. "ಹೆಂಗಸರು ಪೆಟ್ಟಿಗೆ ಮುಂದೆ ಕೂತರೆ ಮನೆ ಮರ್ಯಾದೆ ಏನಾಯ್ತು" ಅಂದರು.

ನಂಜನಗೂಡು ನಮಗೆ ದೂರದ ಊರಲ್ಲ. ಅಲ್ಲಿ 1878ರಲ್ಲಿ ಒಬ್ಬ ಹೆಣ್ಣುಮಗಳು ಹುಟ್ಟಿದರು. ಮುಂದೆ ಬೆಂಗಳೂರು ನಾಗರತ್ನಮ್ಮ ಅಂತ ಹೆಸರಾದರು. ಹಾಡಿ ಗಳಿಸಿದ ದುಡ್ಡಿನಲ್ಲಿ ತಮಿಳುನಾಡಿನ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. 1925ರಲ್ಲಿ ಅಲ್ಲಿ ಪ್ರತಿಷ್ಠೆ ಆಯ್ತು. ಆದರೆ ವರ್ಷಕ್ಕೊಮ್ಮೆ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡಲು ಜಾಗ ಇಲ್ಲ!

ಅವರು ಏನು ಮಾಡಿದರು? 1927ರಲ್ಲಿ ಹೆಂಗಸರನ್ನೇ ಸೇರಿಸಿ, ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ಶುರು ಮಾಡಿದರು. ಆಗ ಅವರಿಗೆ ಐವತ್ತು ಹತ್ತಿರ. ವರ್ಷ ವರ್ಷವೂ ಹಾಡಿದರು. 1940ರ ಹೊತ್ತಿಗೆ ಬೇರೆ ಬೇರೆ ಗುಂಪುಗಳು ಒಂದಾದವು. ಹೆಂಗಸರೂ ಅಲ್ಲಿ ಹಾಡುವಂತಾಯ್ತು. ಈಗ ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು ಹಾಡುತ್ತಾರೆ.

ಆಡಿಕೊಳ್ಳುವವರಿಗೆ ನಾವು ಜಗಳದಿಂದ ಉತ್ತರ ಕೊಡಲಿಲ್ಲ. ಸಂಜೆ ಸಂಜೆ ನುಡಿಸಿದೆವು. ಕೆಲವರು ಈಗಲೂ ಆಡಿಕೊಳ್ಳುತ್ತಾರೆ. ಕೆಲವರು ಹಬ್ಬಕ್ಕೆ ಕರೆಯುತ್ತಾರೆ. ಎರಡೂ ಇದೆ.

ಅರ್ಧ ಗಂಟೆ ಯಾರದು?

ಆಗ ಬಿಟ್ಟ ಮಾತಿಗೆ ಈಗ ಬರುತ್ತೇವೆ. ನಮಗೆ ಒಲೆ ಇದೆ, ಎಸರು ಇದೆ. ಬೆರಳು ಗಡುಸಾಗಿರುವುದು ದೊಡ್ಡ ಅಡ್ಡಿ ಅಲ್ಲ. ವಾದ್ಯ ಹಳೇದಾಗಿರುವುದೂ ಅಲ್ಲ. ನಿಜವಾದ ಅಡ್ಡಿ ಹೊತ್ತು. ನಮ್ಮ ಅವ್ವಂದಿರ ಹಾಡು ಕೆಲಸದ ಬೆನ್ನಿಗೆ ಕಟ್ಟಿಕೊಂಡಿತ್ತು, ಕೆಲಸ ಹೋದಾಗ ಹಾಡೂ ಹೋಯ್ತು. ಅದಕ್ಕೇ ಈ ಸಲ ಹಾಡಿಗೆ ಅದರದ್ದೇ ಹೊತ್ತು ಬೇಕು.

ನಮ್ಮ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡೆವು. ದಿನಕ್ಕೆ ಅರ್ಧ ಗಂಟೆ. ಅದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು. ಕದ್ದು ಮುಚ್ಚಿ ಅಲ್ಲ. "ಏಳರಿಂದ ಏಳೂವರೆ ನನ್ನ ಹೊತ್ತು. ಸಾರು ಬೇಕಾದರೆ ಬಡಿಸಿಕೊಳ್ಳಿ" ಅಂತ. ಇದನ್ನು ಹೇಳಲು ಎಷ್ಟು ಧೈರ್ಯ ಬೇಕು ಅಂತ ನಿಮಗೆ ಗೊತ್ತು. ಒಬ್ಬಾಕೆಯ ಮನೆಯಲ್ಲಿ ಮೂರು ದಿನ ಯಾರೂ ಮಾತಾಡಲಿಲ್ಲ. ನಾಲ್ಕನೇ ದಿನ ಆಕೆಯ ಅತ್ತೆಯೇ ಬಂದು ಪಕ್ಕದಲ್ಲಿ ಕೂತರು. ಎಂಬತ್ತರ ಮುದುಕಿ. "ಆ ಪೆಟ್ಟಿಗೇಲಿ ರಾಗಿ ಕಲ್ಲಿನ ಪದ ಬರ್ತದಾ?" ಅಂತ ಕೇಳಿದರು. ಹಾಡಿ ತೋರಿಸಿದರು. ಸೊಸೆ ಸ್ವರ ಹುಡುಕಿದರು. ಒಂದು ಪದ ಬರೆದುಕೊಳ್ಳಲು ಎರಡು ವಾರ ಹಿಡಿಯಿತು. ಆ ಪದ ಆ ಮನೆಯಲ್ಲಿ ಆ ಮುದುಕಿಗೆ ಬಿಟ್ಟು ಇನ್ಯಾರಿಗೂ ಬರುತ್ತಿರಲಿಲ್ಲ.

ಅರಿಶಿನದ ಕಾಲದಲ್ಲಿ, ಹುಳದ ಕಾಲದಲ್ಲಿ ಅರ್ಧ ಗಂಟೆ ಸಿಗುವುದಿಲ್ಲ. ಆಗ ಹತ್ತು ನಿಮಿಷ ಸಾಕು. ಒಂದು ವಾರ ತಪ್ಪಿದರೆ ಮುಂದಿನ ವಾರ ಕೂರಿ.

ಮುಂದಿನ ಪಾಠಕ್ಕೆ ಬರುವ ಮುಂಚೆ ಎರಡು ಕೆಲಸ ಮಾಡಿ ಬನ್ನಿ. ಮೊದಲನೆಯದು, ನಿಮ್ಮ ಮನೆಯ ಅಟ್ಟ, ಊರಿನ ಭಜನೆ ಮನೆ, ನೆಂಟರ ಮನೆ, ಎಲ್ಲಿಯಾದರೂ ಮೂಲೆಗೆ ಬಿದ್ದ ವಾದ್ಯ ಇದೆಯಾ ಅಂತ ಕೇಳಿ. ಇದ್ದರೆ ಅದರ ಹೆಸರು ಬರೆದು ತನ್ನಿ. ಎರಡನೆಯದು, ನಿಮ್ಮ ಕೇರಿಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಯಾರಿದ್ದಾರೋ ಅವರ ಹತ್ತಿರ ಹೋಗಿ ಕೂತು ಒಂದು ಹಾಡು ಕೇಳಿ. ಅದರ ಮೊದಲ ಸಾಲು ನಿಮ್ಮ ಕೈಯಾರೆ ಬರೆದು ತನ್ನಿ. ತಪ್ಪಾದರೂ ಪರವಾಗಿಲ್ಲ. ಇಲ್ಲಿ ಕೂತು ತಿದ್ದೋಣ.

ನಾವು ಪೆಟ್ಟಿಗೆ ತಂದಿರುತ್ತೇವೆ.